ಮಧ್ಯದ ಮಗ್ಗದವಳು

ಶ್ರದ್ಧಾಂಜಲಿ ಸಭೆಯ ಬ್ಯಾನರಿನಲ್ಲಿ ಅವಳ ಫೋಟೋಗಿಂತ ಅಧ್ಯಕ್ಷರ ಫೋಟೋ ದೊಡ್ಡದಿತ್ತು. ಸತ್ತವರು ಯಾರೆಂದು ತಿಳಿಯದ ಯಾರಾದರೂ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಇಳಿದು ಆ ಬ್ಯಾನರ್ ನೋಡಿದ್ದರೆ ಅಧ್ಯಕ್ಷರ ಮುಖಕ್ಕೇ ಕೈಮುಗಿದು ಮುಂದೆ ಹೋಗುತ್ತಿದ್ದರು. ಹಾಗೇ ಆಗಿದ್ದರೆ ಚೆನ್ನಾಗಿತ್ತು ಎಂದು ನನಗೊಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದನ್ನು ಮುಚ್ಚಿಡುವ ವಯಸ್ಸು ನನ್ನದಲ್ಲ.

ಈ ಅಧ್ಯಕ್ಷರು ಈಜು ಸಂಘದವರು. ಅಧ್ಯಕ್ಷರಾಗುವ ಮೊದಲು ಕೋಚ್ ಆಗಿದ್ದವರು. ಅವಳು ಸುಳ್ಳು ಹೇಳಿದಳೆಂದು ದೂರು ಕೊಟ್ಟು, ಅವಳ ಕೈಯಿಂದ ಮೈಕ್ ಕಿತ್ತುಕೊಂಡದ್ದು ಇವರೇ. ಈಗ ಅವಳ ಶ್ರದ್ಧಾಂಜಲಿಗೆ ಅಧ್ಯಕ್ಷತೆಯೂ ಇವರದೇ. ಊರು ಸೂರೆ ಹೊಡೆದವನೇ ಕೋಟೆ ಬಾಗಿಲಿಗೆ ತೋರಣ ಕಟ್ಟಲು ಬಂದ ಹಾಗೆ.

ಅವಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಇವರು ಅದನ್ನೂ ಎತ್ತಿಕೊಂಡು ಹೋಗಿ ಯಾವುದಾದರೂ ಪ್ರಶಸ್ತಿಗೆ ಅಂಟಿಸಿ, ತಮ್ಮ ಬೀಗರ ಮಗಳಿಗೆ ಕೊಡುತ್ತಾರೆ. ನಮ್ಮ ಬೀದಿಯವರಿಗೆ ಅವಳು ಯಾರೆಂದು ಗೊತ್ತು. ರೇಡಿಯೋದಲ್ಲಿ, ಟೀವಿಯಲ್ಲಿ ಅವಳ ದನಿ ಕೇಳಿದವರಿಗೂ ಗೊತ್ತು. ಅಷ್ಟು ಸಾಕು.

ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಗೋಡೆಯ ಆಚೆ ಅವರ ಮಗ್ಗ, ಈಚೆ ನಮ್ಮ ಮಗ್ಗ. ನಾನು ಓದಿ ಹೈಸ್ಕೂಲಿನಲ್ಲಿ ಕನ್ನಡ ಮೇಡಂ ಆದೆ, ಅವಳು ಈಜಿ ಚಾಂಪಿಯನ್ ಆದಳು. ಆದರೆ ಇಬ್ಬರೂ ಮೊದಲು ಕಲಿತದ್ದು ಮಗ್ಗದ ಮಾತು.

ನಮ್ಮ ಬೀದಿಯಲ್ಲಿ ಹುಟ್ಟಿದವರಿಗೆ ಎರಡು ಮಾತು ಬರುತ್ತವೆ. ಒಂದು ಗಂಟಲಿನದು, ಇನ್ನೊಂದು ತುಟಿಯದು. ಕರೆಂಟಿನ ಮಗ್ಗಗಳು ಸಾಲಾಗಿ ಓಡುತ್ತಿರುವ ಕೋಣೆಯಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸುವುದಿಲ್ಲ. ಅದಕ್ಕೆ ನಾವು ಕೂಗುವುದೇ ಇಲ್ಲ. ದನಿ ಹೊರಡಿಸದೆ ತುಟಿ ಬಿಡಿಸಿ ಹೇಳುತ್ತೇವೆ, ಎದುರಿನವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಸೊಸೆ ಅತ್ತೆಯನ್ನು ಬೈದುಕೊಳ್ಳುವುದಿದ್ದರೆ ಬೆನ್ನು ತಿರುಗಿಸಿ ಬೈದುಕೊಳ್ಳಬೇಕು. ಇಲ್ಲದಿದ್ದರೆ ಅತ್ತೆಗೆ ಗೊತ್ತಾಗಿಯೇ ಆಗುತ್ತದೆ.

ಬಾಗಿಲಲ್ಲಿ ನಿಂತವರು ಹೇಳಿದ್ದು ಕೊನೆಯ ಮಗ್ಗದವರಿಗೆ ಕಾಣುವುದಿಲ್ಲ. ಅದನ್ನು ನಡುವಿನ ಮಗ್ಗದವರು ನೋಡಿ, ತಿರುಗಿ, ಆಚೆಯವರಿಗೆ ದಾಟಿಸಬೇಕು. ಅವರ ಮನೆಯಲ್ಲಿ ಆ ನಡುವಿನ ಜಾಗ ಅವಳದಾಗಿತ್ತು. ಅವಳ ತಾಯಿಯನ್ನು ನಾನು ದೊಡ್ಡಮ್ಮ ಅನ್ನುತ್ತೇನೆ. ಅವರ ಕಟ್ಟಳೆ ಒಂದೇ. "ನಡುವಿನ ಮಗ್ಗದೋಳು ಕೂಡಿಸಬಾರ್ದು, ಕಳೀಬಾರ್ದು. ಕಂಡಿದ್ದನ್ನ ದಾಟಿಸ್ಬೇಕು."

ಒಂದು ದಿನ ಅವಳಪ್ಪ ಬಾಗಿಲಲ್ಲಿ ನಿಂತು, ಕೊನೆಯ ಮಗ್ಗದಲ್ಲಿದ್ದ ಚಿಕ್ಕಪ್ಪನಿಗೆ ಹೇಳಲು, "ಆ ಕತ್ತೆಗೆ ಹೇಳು, ಸೆರಗಿಗೆ ಹಸಿರು ನೂಲು ಹಾಕ್ಬೇಡ ಅಂತ" ಎಂದರು. ಚಿಕ್ಕಪ್ಪನ ಮೇಲೆ ಇವಳಿಗೆ ಅಕ್ಕರೆ. "ಹಸಿರು ನೂಲು ಹಾಕ್ಬೇಡ ಅಂತೆ" ಎಂದಷ್ಟೇ ದಾಟಿಸಿದಳು. ಪಕ್ಕದಲ್ಲಿ ನೂಲು ಸುತ್ತುತ್ತಿದ್ದ ದೊಡ್ಡಮ್ಮ ಎದ್ದು ಬಂದು ಅವಳ ತೊಡೆ ಜಿಗುಟಿದರು.

"ಕತ್ತೆ ಎಲ್ಲೋಯ್ತು?"

"ಬೈಗಳ ಯಾಕಮ್ಮಾ ದಾಟಿಸ್ಬೇಕು?"

"ಇವತ್ತು ಕತ್ತೆ ಬಿಟ್ಟೆ. ನಾಳೆ ಹಸಿರು ಬಿಡ್ತೀಯ. ಸೀರೆ ಕೆಟ್ಟೋಗತ್ತೆ."

ಪಾಪ, ಚಿಕ್ಕಪ್ಪನಿಗೆ ಕತ್ತೆಯನ್ನು ಕೂಡಲೇ ತಲುಪಿಸಲಾಯಿತು. ಅಂದಿನಿಂದ ಯಾರಾದರೂ ಅರ್ಧ ಮಾತು ನುಂಗಿ ನಯವಾಗಿ ಹೇಳಿದರೆ, ನಾನೂ ಅವಳೂ ಒಬ್ಬರನ್ನೊಬ್ಬರು ನೋಡಿ ತುಟಿಯಲ್ಲೇ "ಕತ್ತೆ ಎಲ್ಲೋಯ್ತು?" ಅಂದುಕೊಂಡು ನಗುತ್ತಿದ್ದೆವು. ಮದುವೆಮನೆಯಲ್ಲಿ, ಭಾಷಣಗಳಲ್ಲಿ, ನನ್ನ ಬೀಳ್ಕೊಡುಗೆ ಸಮಾರಂಭದಲ್ಲಿ ಕೂಡ.

ಈಜು ಕಲಿತದ್ದು ರಾಜಘಟ್ಟದ ಅವಳ ಸೋದರಮಾವನ ತೋಟದ ಬಾವಿಯಲ್ಲಿ. ಬೆನ್ನಿಗೆ ಸೋರೆಬುರುಡೆ ಕಟ್ಟಿ ಮಾವ ನಮ್ಮಿಬ್ಬರನ್ನೂ ನೀರಿಗೆ ತಳ್ಳಿದರು. ನಾನು ಮೆಟ್ಟಿಲು ಹಿಡಿದುಕೊಂಡು ಊರಿಗೇ ಕೇಳುವಂತೆ ಅತ್ತೆ. ಅವಳು ಬುರುಡೆ ಬಿಚ್ಚಿ ಎಸೆದು ಬಾವಿಯ ಗೋಡೆಯಿಂದ ಗೋಡೆಗೆ ಓಡಾಡತೊಡಗಿದಳು. ಮಾವ ಮೇಲೆ ನಿಂತು, "ಏನ್ ಗುರು, ಇವಳು ಮಗ್ಗದ ಲಾಳಿ ಹೋದಂಗೆ ಹೋಗ್ತಾಳಲ್ಲ" ಎಂದು ಯಾರಿಗೋ ಹೇಳಿದ್ದು ನನಗೆ ನೆನಪಿದೆ. ಮುಂದೆ ಅವಳು ವೀಕ್ಷಕ ವಿವರಣೆ ಹೇಳುವಾಗ ಆ ಮಾತನ್ನೇ ಬಳಸಿದಳು. "ಲಾಳಿ ತಿರುಗಿದಂತೆ ತಿರುಗಿದಳು ನೋಡಿ" ಎಂದರೆ ನಮ್ಮ ಬೀದಿಯ ಮನೆಮನೆಯಲ್ಲೂ ಚಪ್ಪಾಳೆ.

ಅವಳ ಮೊದಲ ಈಜುಡುಗೆಯ ಕತೆ ಹೇಳದಿದ್ದರೆ ಅವಳು ಮೇಲಿಂದಲೇ ಬೈಯುತ್ತಾಳೆ. ಪೇಟೆಬೀದಿಯ ದರ್ಜಿಗೆ ರವಿಕೆ ಗೊತ್ತು, ಲಂಗ ಗೊತ್ತು, ಈಜುಡುಗೆ ಗೊತ್ತಿಲ್ಲ. ಅವಳು ಚಿತ್ರ ಬರೆದು ತೋರಿಸಿದಳು. ಆತ ಚಿತ್ರ ನೋಡಿ ಗಾಬರಿಯಾಗಿ, "ಇಷ್ಟಕ್ಕೇ ನಿಲ್ಲಿಸಿದ್ರೆ ನಿಮ್ಮಪ್ಪ ನನ್ನ ಅಂಗಡಿಗೆ ಬೆಂಕಿ ಹಾಕ್ತಾರೆ ಕಣಮ್ಮಾ" ಎಂದು ಮೊಣಕೈತನಕ ತೋಳು, ಮಂಡಿಯ ಹತ್ತಿರ ನೆರಿಗೆ ಸೇರಿಸಿ ಹೊಲಿದುಕೊಟ್ಟ. ಕಪ್ಪು ಸ್ಯಾಟಿನ್ ಬಟ್ಟೆ. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಅದನ್ನು ಹಾಕಿಕೊಂಡು ಪೂಲಿನ ಪಕ್ಕ ನಿಂತರೆ ಅಲ್ಲಿನ ಹುಡುಗಿಯರು ಬಿದ್ದುಬಿದ್ದು ನಕ್ಕರಂತೆ. ತೋಳಿನೊಳಗೆ ನೀರು ತುಂಬಿ ಎರಡು ಬಿಂದಿಗೆ ಹೊತ್ತಂತಾಯಿತಂತೆ. "ನಕ್ಕೋರೆಲ್ಲ ಆಮೇಲೆ ನನ್ನ ಅಂಗಾಲು ನೋಡ್ಕೊಂಡು ಬಂದ್ರು ಕಣೇ" ಎಂದಳು ವಾಪಸ್ ಬಂದವಳು. ಆ ವರ್ಷವೇ ಅವಳಿಗೆ ರಾಜ್ಯಮಟ್ಟದ ಪದಕ, ಆಮೇಲೆ ಬಟರ್‌ಫ್ಲೈ ಈಜಿನಲ್ಲಿ ರಾಷ್ಟ್ರೀಯ ಚಾಂಪಿಯನ್ ಪಟ್ಟ.

ಚಾಂಪಿಯನ್ ಆದವಳಿಗೆ ಊರು ಏನು ಕೊಟ್ಟಿತು? ಒಂದು ಹಾರ, ಒಂದು ಮೆರವಣಿಗೆ, ಮತ್ತೆ ಬೆನ್ನ ಹಿಂದೆ, "ಚಡ್ಡಿ ಹಾಕ್ಕೊಂಡು ಈಜಿದೋಳಿಗೆ ಯಾರು ತಾಳಿ ಕಟ್ತಾರೆ" ಎಂಬ ಮಾತು. ಬೆನ್ನ ಹಿಂದೆ ಎಂದರೂ ಅವಳು ತಿರುಗಿದಾಗ ತುಟಿ ಕಂಡೇ ಕಾಣುತ್ತಿತ್ತು. ನೇರ ಅವರ ಹತ್ತಿರ ಹೋಗಿ, "ನಿಮಗೆ ತಾಳಿ ಕಟ್ಟಿದೋರು ಹೆಂಗಿದಾರೆ, ಚೆನ್ನಾಗಿ ನೋಡ್ಕೊಂತಿದಾರಾ?" ಎಂದು ಕೇಳುತ್ತಿದ್ದಳು. ಆಮೇಲೆ ಅವಳನ್ನು ಕಂಡರೆ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಮಾತಾಡತೊಡಗಿದರು. ಅವಳು ಮದುವೆಯಾಗಲಿಲ್ಲ. ಅದಕ್ಕೆ ಈಜು ಕಾರಣವಲ್ಲ. ಇವಳ ಜೊತೆ ವಾದದಲ್ಲಿ ಗೆಲ್ಲುವ ಗಂಡಸು ಸುತ್ತಮುತ್ತ ಹುಟ್ಟಿರಲಿಲ್ಲ.

ಈಜು ಮುಗಿದ ಮೇಲೆ ರೇಡಿಯೋಗೆ ಅರ್ಜಿ ಹಾಕಿದಳು. ಸಂದರ್ಶನದಲ್ಲಿ ಒಬ್ಬ ಅಧಿಕಾರಿ, "ಹೆಂಗಸಿನ ದನೀಲಿ ಆಟದ ವಿವರಣೆ ಬಂದರೆ ಜನ ಅಡುಗೆ ಕಾರ್ಯಕ್ರಮ ಅಂದುಕೊಳ್ತಾರಮ್ಮ" ಎಂದನಂತೆ. ಇವಳು, "ಒಳ್ಳೇದೇ ಆಯ್ತಲ್ಲ ಸಾರ್, ಅಡುಗೆ ಕಾರ್ಯಕ್ರಮ ಕೇಳೋರೇ ಜಾಸ್ತಿ" ಎಂದಳಂತೆ. ಕೆಲಸ ಸಿಕ್ಕಿತು. ಈಜಿನಿಂದ ಶುರುವಾಗಿ ಕಬಡ್ಡಿ, ಖೋಖೋ, ಓಟ, ಎಲ್ಲಕ್ಕೂ ಅವಳದೇ ದನಿ. ಆಮೇಲೆ ಒಂದು ಟೀವಿ ಚಾನೆಲ್ ಕರೆಯಿತು.

ಅವಳದೊಂದು ಪದ್ಧತಿಯಿತ್ತು. ಕೊನೆಯಲ್ಲಿ ಗೋಡೆ ಮುಟ್ಟಿದವಳ ಹೆಸರನ್ನು, ಊರನ್ನು ಹೇಳದೆ ವಿವರಣೆ ಮುಗಿಸುತ್ತಿರಲಿಲ್ಲ. ನಿರ್ಮಾಪಕರು ಬೈಯುತ್ತಿದ್ದರು. ಜಾಹೀರಾತಿಗೆ ಹೊತ್ತಾಯಿತೆಂದು ಕೈಬೀಸುತ್ತಿದ್ದರು. ಅವಳು ಕೇಳುತ್ತಿರಲಿಲ್ಲ. ಯಾಕೆಂದು ನಾನು ಕೇಳಿದ್ದಕ್ಕೆ, "ಗೆದ್ದೋಳ ಹೆಸರು ನಾನು ಹೇಳ್ದಿದ್ರೂ ಪೇಪರ್‌ನೋರು ಹೇಳ್ತಾರೆ. ಕೊನೇಲಿ ಬಂದೋಳ ಅಮ್ಮಾನೂ ಮನೇಲಿ ಕೂತು ಕೇಳ್ತಿರ್ತಾಳಲ್ಲೇ" ಎಂದಳು.

ಇನ್ನು ಆ ದಿನದ ಮಾತು. ಬರೆಯಲು ಕೂತರೆ ಈಗಲೂ ಮೈ ಉರಿಯುತ್ತದೆ.

ಬೆಂಗಳೂರಿನಲ್ಲಿ ಕಿರಿಯರ ರಾಜ್ಯಮಟ್ಟದ ಸ್ಪರ್ಧೆ, ಟೀವಿಯಲ್ಲಿ ನೇರ ಪ್ರಸಾರ. ನಮ್ಮ ಮನೆಯಲ್ಲಿ ಮಗ್ಗ ನಿಲ್ಲಿಸಿ ಎಲ್ಲರೂ ನೋಡುತ್ತಿದ್ದೆವು, ದೊಡ್ಡಮ್ಮನೂ ಬಂದಿದ್ದರು. ಒಂದು ರೇಸ್ ಮುಗಿಯಿತು. ಕೊನೆಯಲ್ಲಿ ಬಂದವಳು ಒಬ್ಬ ಎಳೆಯ ಹುಡುಗಿ. ಎಡಗೈ ಎತ್ತಲಾಗದೆ ಒಂದೇ ಕೈಯಲ್ಲಿ ಮೆಟ್ಟಿಲು ಹಿಡಿದು ಮೇಲೆ ಬಂದಳು. ಅವಳ ಕೋಚ್ ಬಾಗಿ, ತಲೆ ಸವರಿ, ನಗುನಗುತ್ತಾ ಏನೋ ಹೇಳಿದ. ಕ್ಯಾಮೆರಾ ಇಬ್ಬರನ್ನೂ ಹತ್ತಿರದಿಂದ ತೋರಿಸಿತು. ನೋಡಿದವರಿಗೆ ತಂದೆ ಮಗಳನ್ನು ಸಮಾಧಾನ ಮಾಡಿದ ಹಾಗಿತ್ತು.

ಪೂಲಿನ ಈ ದಡದಲ್ಲಿ ಮೈಕ್ ಮುಂದೆ ಕೂತಿದ್ದ ಇವಳು, ಕೊನೆಯಲ್ಲಿ ಬಂದವಳ ಹೆಸರು, ಊರು ಹೇಳಿದಳು. ಹೇಳಿ, ಅದೇ ಉಸಿರಿನಲ್ಲಿ, "ಈ ಹುಡುಗಿಗೆ ಕೋಚ್ ಹೇಳುತ್ತಿರುವುದು ಹೀಗೆ" ಎಂದು ಶುರು ಮಾಡಿದಳು. "ಭುಜ ಮುರಿದ್ರೂ ಸರಿ, ರಿಲೇಗೆ ಇಳೀತೀಯ. ನೋವು ಅಂತ ನಿಮ್ಮಪ್ಪನ ಹತ್ರ ಬಾಯಿಬಿಟ್ರೆ ಇನ್ಯಾವ ಪೂಲಿಗೂ ಕಾಲಿಡಕ್ಕೆ ಬಿಡಲ್ಲ. ನಗು. ಕ್ಯಾಮೆರಾ ಇದೆ."

ಅಷ್ಟೇ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಹೇಗೆ ಗೊತ್ತೆಂದರೆ, ಅವಳು ಹೇಳುವ ಮೊದಲೇ ನಮ್ಮ ಮನೆಯಲ್ಲಿ ಕೂತಿದ್ದವರೆಲ್ಲ ಟೀವಿಯಲ್ಲಿ ಆ ತುಟಿ ನೋಡಿ ಅದನ್ನೇ ಓದಿಕೊಂಡಿದ್ದೆವು. ದೊಡ್ಡಮ್ಮ, "ಥೂ, ನಿನ್ನ ಮನೆ ಹಾಳಾಗ" ಎಂದು ಟೀವಿಗೇ ಬೈದಿದ್ದರು.

ಗ್ಯಾಲರಿಯಲ್ಲಿ ಪಕ್ಕದವರ ಮೊಬೈಲಿನಲ್ಲಿ ಪ್ರಸಾರ ನೋಡುತ್ತಿದ್ದ ಹುಡುಗಿಯ ಅಪ್ಪ ಇಳಿದು ಬಂದು, ಮಗಳಿಗೆ ಟವಲ್ ಸುತ್ತಿ ಕರೆದುಕೊಂಡು ಹೋದ. ರಿಲೇಗೆ ತಂಡ ಇಳಿಯಲಿಲ್ಲ. ಕೋಚ್ ಈಜು ಸಂಘಕ್ಕೆ ದೂರು ಕೊಟ್ಟ.

ವಿಚಾರಣೆಯಲ್ಲಿ ಕೂತವರೆಲ್ಲ ಕೋಚ್‌ನ ಗೆಳೆಯರು. ಪೂಲಿನ ಆಚೆ ದಡದ ಪಿಸುಮಾತು ಈಚೆ ದಡಕ್ಕೆ ಹೇಗೆ ಕೇಳಿಸಿತು, ಅದೊಂದೇ ಅವರ ಪ್ರಶ್ನೆ. ಕೇಳಿಸಲಿಲ್ಲ, ಕಂಡಿತು ಎಂದಳು. ನಕ್ಕರು. "ನೀವು ಆ ಮೂಲೆಗೆ ಹೋಗಿ ನಿಂತು ನಿಮ್ಮ ಹೆಂಡತಿ ಹೆಸರು ದನಿಯಿಲ್ಲದೆ ಹೇಳಿ, ನಾನಿಲ್ಲಿಂದ ಹೇಳ್ತೀನಿ" ಎಂದಳು. ಇದು ಜಾದೂ ಪ್ರದರ್ಶನವಲ್ಲ ಎಂದರು. ಬೀದಿಗೆ ಬೀದಿಯೇ ಸಾಕ್ಷಿ ಎಂದು ನಾವೊಂದಷ್ಟು ಜನ ಬಸ್ಸು ಹತ್ತಿ ಹೋದೆವು. "ಎಲ್ಲ ಒಂದೇ ಬೀದಿಯವರು, ಒಂದೇ ಜನ, ಇವರ ಮಾತು ಏನು ನಂಬೋದು" ಎಂದು ನಮ್ಮನ್ನು ಜಗಲಿಯಲ್ಲೇ ಕೂರಿಸಿ ಕಳಿಸಿದರು. ಮೂವತ್ತು ವರ್ಷ ಮಕ್ಕಳಿಗೆ ಸತ್ಯಮೇವ ಜಯತೆ ಬರೆಸಿದ ನಾನು ಅವತ್ತು ಆ ಕಟ್ಟಡದ ಮೆಟ್ಟಿಲ ಮೇಲೆ ನಿಂತು, ಮಕ್ಕಳ ಮುಂದೆ ಹೇಳಬಾರದ ಮಾತುಗಳನ್ನು ಹೇಳಿದೆ. ಗಂಟಲಿನಿಂದಲೇ ಹೇಳಿದೆ, ಎಲ್ಲರಿಗೂ ಕೇಳಿಸಲಿ ಎಂದು.

ಆ ಹುಡುಗಿಯನ್ನೂ ಕರೆಸಿದರು. ಅವಳು ನೆಲ ನೋಡಿಕೊಂಡು, "ಸರ್ ನನಗೇನೂ ಅನ್ನಲಿಲ್ಲ" ಎಂದಳು. ನನಗೆ ತಡೆಯಲಾಗಲಿಲ್ಲ, ಬಸ್ಸಿನಲ್ಲಿ ಆ ಮಗುವನ್ನೂ ಬೈದೆ. ಇವಳು ನನ್ನ ಕೈ ಅದುಮಿ, "ಅದನ್ನ ಬೈಬೇಡ. ಆ ಮಗು ಇನ್ನೂ ಅವನು ಬಿಟ್ಟಿರೋ ಹಗ್ಗ ಹಿಡ್ಕೊಂಡೇ ನೀರಲ್ಲಿದೆ" ಎಂದಳು.

ಒಂದು ಸಾಲು ಕ್ಷಮೆ ಕೇಳಿದರೆ ಎಲ್ಲ ಸರಿಹೋಗುತ್ತದೆ ಎಂದಿತು ಚಾನೆಲ್. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವಳು ಕೇಳಲಿಲ್ಲ. ಅಷ್ಟಕ್ಕೆ ಮೈಕ್ ಹೋಯಿತು. ರೇಡಿಯೋದವರೂ ಕರೆಯುವುದನ್ನು ಬಿಟ್ಟರು. ಕೋಚ್ ಅಧ್ಯಕ್ಷನಾದ.

"ಯಾಕೆ ಹೇಳ್ದೆ? ಬೇರೆ ದಾರಿ ಇರ್ಲಿಲ್ವಾ, ಆಮೇಲೆ ಯಾರ್ಗಾದ್ರೂ ಹೇಳ್ಬೋದಿತ್ತಲ್ಲ" ಎಂದು ನಾನೇ ಒಮ್ಮೆ ರೇಗಿದೆ.

ಅವಳು ಮೊದಲ ಸಲ ಮೆತ್ತಗೆ ಮಾತಾಡಿದಳು. "ಯೋಚ್ನೆ ಮಾಡಿ ಹೇಳ್ಲಿಲ್ಲ ಕಣೇ. ಆಚೆ ಒಬ್ಬ ಹೇಳ್ತಿದಾನೆ, ನನ್ ಹಿಂದೆ ಇರೋರಿಗೆ ಕಾಣಲ್ಲ. ನಾನು ನಡುವಿನ ಮಗ್ಗದಲ್ಲಿದ್ದೆ. ದಾಟಿಸ್ಬಿಟ್ಟೆ."

ಊರಿಗೆ ಮರಳಿದ ಮೇಲೂ ಅವಳ ಬಾಯಿ ಸುಮ್ಮನಿರಲಿಲ್ಲ. ನಮ್ಮ ಶಾಲೆಯ ಕ್ರೀಡಾಕೂಟಕ್ಕೆ ಬಾಡಿಗೆ ಮೈಕ್ ಹಿಡಿದು ಗೋಣಿಚೀಲದ ಓಟಕ್ಕೂ ವಿವರಣೆ ಹೇಳಿದಳು. ಕೊನೆಯಲ್ಲಿ ಬಿದ್ದೆದ್ದು ಬಂದ ಹುಡುಗನ ಹೆಸರು, ಊರು ಬಿಡಲಿಲ್ಲ. ಮನೆಯಲ್ಲಿ ಕ್ರಿಕೆಟ್ ಹಾಕಿದರೆ ಟೀವಿಯ ದನಿ ನಿಲ್ಲಿಸಿಬಿಡುತ್ತಿದ್ದಳು. ಅಣ್ಣನ ಮಕ್ಕಳು ಸುತ್ತ ಕೂತು, "ಅತ್ತೆ, ನಮ್ ಕನ್ನಡದ ಬೌಲರ್ ಈಗೇನಂದ?" ಎಂದು ಪೀಡಿಸುತ್ತಿದ್ದರು. "ಅದನ್ನ ದಾಟಿಸಿದ್ರೆ ನಿಮ್ಮಮ್ಮ ನಂಗೆ ರಾತ್ರಿ ಊಟ ಹಾಕಲ್ಲ" ಎಂದು ನಗುತ್ತಿದ್ದಳು.

ಆದರೆ ಒಂದು ಮುಳ್ಳು ಅವಳಲ್ಲಿ ಉಳಿದೇ ಇತ್ತು. ಮಾಕಳಿದುರ್ಗದ ಕಡೆ ಒಂದು ಮದುವೆಗೆ ಹೋಗಿ ಬರುವಾಗ ಆಟೋದಲ್ಲಿ ಇದ್ದಕ್ಕಿದ್ದಂತೆ ಹೇಳಿದಳು. "ಮೈಕ್ ವಾಪಸ್ ಬೇಡ ಕಣೇ. ಸನ್ಮಾನ ಮೊದ್ಲೇ ಬೇಡ. ಅಲ್ಲಿಂದ ಇಲ್ಲಿಗೆ ತುಟಿ ನೋಡಿದ್ರೆ ಗೊತ್ತಾಗತ್ತೆ, ಇವಳು ಸುಳ್ಳು ಹೇಳಿಲ್ಲ ಅಂತ ಆ ಕೋಚ್ ಬಾಯಿಂದ ಒಂದೇ ಸಲ ಬರ್ಬೇಕು. ನಾನು ಚಾಂಪಿಯನ್ ಅಲ್ಲ ಅಂದ್ರೂ ತಡ್ಕೊಂತೀನಿ. ಸುಳ್ಳಿ ಅಂದ್ರೆ ತಡ್ಕೊಳಕ್ಕಾಗಲ್ಲ." ಆ ಮಾತು ಕೇಳದೆಯೇ ಹೋದಳು. ಒಂದು ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿರುವಾಗಲೇ ಎದೆ ನೋವೆಂದಳು. ಆಸ್ಪತ್ರೆ ಮುಟ್ಟಲಿಲ್ಲ.

ಸರಿ, ಸಭೆಗೆ ಬರುತ್ತೇನೆ. ನಾನು ಹೋಗುವುದಿಲ್ಲ ಎಂದು ಕೂತಿದ್ದೆ. ದೊಡ್ಡಮ್ಮನೇ ಎಬ್ಬಿಸಿದರು. ಅವರಿಗೀಗ ಕಿವಿ ಪೂರ್ತಿ ಹೋಗಿದೆ. ನಮ್ಮಲ್ಲಿ ಮಗ್ಗದ ಮುಂದೆ ಮುದುಕರಾದವರ ಕಿವಿ ಹೀಗೇ. ಕಣ್ಣು ಮಾತ್ರ ಹದ್ದಿನದು. ತಮ್ಮ ದನಿ ತಮಗೆ ಕೇಳಿಸದ ಕಾರಣ ಗುಟ್ಟು ಹೇಳಿದರೂ ಬೀದಿಗೆ ಕೇಳಿಸುತ್ತದೆ. "ನನ್ ಮಗಳ ಸಭೆ. ನಾನು ಹೋಗ್ತೀನಿ. ನೀನು ಬಾ" ಎಂದರು.

ಸಭಾಂಗಣದ ತುಂಬ ನಮ್ಮ ಬೀದಿಯವರೇ. ಮುಂದಿನ ಸಾಲಿನಲ್ಲಿ ದೊಡ್ಡಮ್ಮ, ಪಕ್ಕದಲ್ಲಿ ನಾನು. ಅಧ್ಯಕ್ಷರು ಮಾತಾಡಿದರು. ನಾಡು ಕಂಡ ಅಪರೂಪದ ಪ್ರತಿಭೆ, ತುಂಬಲಾರದ ನಷ್ಟ, ನನ್ನ ತಂಗಿಯಂತಿದ್ದರು. ತಂಗಿಯಂತಿದ್ದರಂತೆ! ಕೊನೆಗೆ, ಎಲ್ಲರೂ ಎದ್ದು ಒಂದು ನಿಮಿಷ ಮೌನ ಆಚರಿಸೋಣ ಎಂದರು.

ಎದ್ದು ನಿಂತೆವು. ಫ್ಯಾನು ತಿರುಗುವುದಷ್ಟೇ ಕೇಳುತ್ತಿತ್ತು. ಎಲ್ಲರೂ ತಲೆ ತಗ್ಗಿಸಿದ್ದರು, ದೊಡ್ಡಮ್ಮ ಒಬ್ಬರೇ ತಗ್ಗಿಸಿರಲಿಲ್ಲ. ಅವರಿಗೆ ಲೋಕವೆಲ್ಲ ಯಾವಾಗಲೂ ಮೌನವೇ, ಇದಕ್ಕೆಂದು ಬೇರೆ ತಲೆ ತಗ್ಗಿಸಬೇಕೆಂದು ಅವರಿಗೆ ಗೊತ್ತಾಗಲಿಲ್ಲ. ವೇದಿಕೆಯನ್ನೇ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಹಿಂದಿನ ಸಾಲಿನ ಕಡೆ ತಿರುಗಿ, ಸಭಾಂಗಣಕ್ಕೆಲ್ಲ ಕೇಳುವ ದನಿಯಲ್ಲಿ ಹೇಳಿದರು.

"ನಾನು ಮುಚ್ಚಿಸಿದ್ದು ಬರೀ ಮೈಕು. ಬಾಯಿ ಮುಚ್ಚಿಸಕ್ಕೆ ದೇವರೇ ಬರ್ಬೇಕಾಯ್ತು ನೋಡಿ."

ನನಗೊಂದು ಕ್ಷಣ ತಿಳಿಯಲಿಲ್ಲ. ತಲೆಯೆತ್ತಿದರೆ ವೇದಿಕೆಯ ಮೇಲೆ ಅಧ್ಯಕ್ಷರು ಪಕ್ಕದವರ ಕಿವಿಯ ಬಳಿ ಇನ್ನೂ ಬಾಗಿಯೇ ಇದ್ದರು, ಮುಖದಲ್ಲಿ ಅರ್ಧ ನಗು. ಪಕ್ಕದವರ ಮುಖ ಬಿಳಿಚಿಕೊಂಡಿತ್ತು. ದೊಡ್ಡಮ್ಮ ದಾಟಿಸಿದ್ದರು. ವರ್ಷಗಟ್ಟಲೆ ಮಾಡಿದ ಕೆಲಸ, ತುಟಿ ಕಂಡಿತು, ಹಿಂದಿನವರಿಗೆ ದಾಟಿಸಿದರು. ಅದು ತಮ್ಮ ಮಗಳ ಬಗ್ಗೆ ಆಡಿದ ಮಾತೆಂಬುದು ದಾಟಿಸಿ ಮುಗಿದ ಮೇಲೆ ಅವರಿಗೆ ತಲುಪಿತು. ಅವರ ಕೈ ಕುರ್ಚಿ ಹುಡುಕಿತು. ನಾನು ಹಿಡಿದುಕೊಂಡೆ.

ನಾನು ಹಾಗೆ ಅನ್ನಲೇ ಇಲ್ಲ ಎಂದು ಅಧ್ಯಕ್ಷರು ಹೇಳಬಹುದಿತ್ತು. ಮುದುಕಿಗೆ ಮಗಳ ದುಃಖದಲ್ಲಿ ತಲೆ ಕೆಟ್ಟಿದೆ ಎನ್ನಬಹುದಿತ್ತು, ಇಂಥವರಿಗೆ ಅದೇನು ಕಷ್ಟದ ಮಾತಲ್ಲ. ಆದರೆ ಗಾಬರಿಗೆ ಬುದ್ಧಿಯಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮುಂದಿದ್ದ ಮೈಕ್ ಮರೆತು, ಎಲ್ಲರಿಗೂ ಕೇಳುವ ಹಾಗೆ ಕೇಳಿದರು.

"ಅಲ್ಲಿಗೆ ಹೆಂಗ್ರೀ ಕೇಳಿಸ್ತು? ನಾನು ಕಿವೀಲಿ ಅಂದಿದ್ದು!"

ದೊಡ್ಡಮ್ಮ ನನ್ನ ತೋಳು ಜಗ್ಗಿದರು. ಮೈಕ್ ಅಡ್ಡ ಬಂದು ಅವರಿಗೆ ಈ ಸಲ ತುಟಿ ಕಂಡಿರಲಿಲ್ಲ. "ಏನಂದ? ಅವನು ಏನಂದ?"

ನಾನು ಅವರ ಎದುರು ನಿಂತು, ದನಿಯಿಲ್ಲದೆ ತುಟಿ ಬಿಡಿಸಿ, ಅವರ ಮಗಳು ಕಾದಿದ್ದ ಆ ಮಾತನ್ನು ದಾಟಿಸಿದೆ. ದೊಡ್ಡಮ್ಮ ವೇದಿಕೆಯ ಕಡೆ ತಿರುಗಿ, "ಹಂಗಾದ್ರೆ ನನ್ ಮಗಳು ಸುಳ್ಳು ಹೇಳ್ಲಿಲ್ಲ" ಎಂದರು. ಪ್ರಶ್ನೆಯಲ್ಲ ಅದು. ಸಭೆಯಲ್ಲಿ ಯಾರೂ ಕೂರಲಿಲ್ಲ. ಅಧ್ಯಕ್ಷರು ಹಿಂದಿನ ಬಾಗಿಲಿನಿಂದ ಹೋದರು. ಅವರಿಗೆಂದು ತಂದಿದ್ದ ಶಾಲು ಮೇಜಿನ ಮೇಲೆಯೇ ಉಳಿಯಿತು.

ಮಾರನೆಯ ದಿನ ಪತ್ರಿಕೆಯಲ್ಲಿ ಸುದ್ದಿ ಬಂದಿತ್ತು. ಅಗಲಿದ ಕ್ರೀಡಾ ವಿವರಣೆಗಾರ್ತಿಗೆ ಭಾವಪೂರ್ಣ ಶ್ರದ್ಧಾಂಜಲಿ, ಕಣ್ಣೀರಿಟ್ಟ ಅಧ್ಯಕ್ಷರು, ಒಂದು ನಿಮಿಷದ ಮೌನಾಚರಣೆ. ನಾನು ದೊಡ್ಡಮ್ಮನ ಎದುರು ಕೂತು, ತುಟಿ ಬಿಡಿಸಿ ಅದನ್ನು ಓದಿ ಹೇಳಿದೆ. ಅವರು ಪೂರ್ತಿ ನೋಡಿದರು. ಪತ್ರಿಕೆಯ ಹಾಳೆಯನ್ನು ಮಗುಚಿ, ಹಿಂದೆ ಏನಾದರೂ ಉಳಿದಿದೆಯೋ ಎಂಬಂತೆ ನೋಡಿದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು.

"ಕತ್ತೆ ಎಲ್ಲೋಯ್ತು?"

ಅದಕ್ಕೇ ಇದನ್ನು ಬರೆಯಲು ಕೂತೆ.